ಓದುಗನ ಕಪಾಟು ಮತ್ತು ಪರಿಗ್ರಹ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನ ಸ್ವತ್ತಿಗೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳುತ್ತಾನೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳುಕಾಳು, ಬಟ್ಟೆಬರೆ ಎಂದು ಶಾಸ್ತ್ರಕಾರರು ಎಣಿಸಿರುವ ಪಟ್ಟಿಯಲ್ಲಿ ಪುಸ್ತಕಕ್ಕೆ ಪ್ರತ್ಯೇಕ ಹೆಸರಿಲ್ಲ. ಶಾಸ್ತ್ರವು ಜ್ಞಾನೋಪಕರಣ, ಪಿಂಛಿ ಕಮಂಡಲುಗಳೊಡನೆ ಅದು ಸರ್ವಸಂಗ ಪರಿತ್ಯಾಗಿಯಾದ ಮುನಿಗೂ ಸಲ್ಲುತ್ತದೆ. ಹಾಗಾದರೆ ಓದಿನ ಹವ್ಯಾಸವುಳ್ಳ ಗೃಹಸ್ಥನ ಮನೆಯ ಪುಸ್ತಕದ ಕಪಾಟು ಪರಿಗ್ರಹವೋ ಅಲ್ಲವೋ? ಬಂಗಾರದ ವಿಷಯದಲ್ಲಿ ಎಚ್ಚರದಿಂದಿರುವ ಅನೇಕರು ಈ ಪ್ರಶ್ನೆಯನ್ನು ತಮಗೆ ಹಾಕಿಕೊಂಡೇ ಇರುವುದಿಲ್ಲ.

ಅಂಥ ಓದುಗನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ಮೆಚ್ಚಿನ ಗ್ರಂಥ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆ. ಗದ್ಯಾನುವಾದ ಸಹಿತವಾದ ಅದರ ಹಳೆಯ ಪ್ರತಿಯೊಂದನ್ನು ಅವನು ಬಾಲ್ಯದಲ್ಲಿ ಜೀವದಯಾಷ್ಟಮಿಯ ನೋಂಪಿಯ ದಿನಗಳಲ್ಲಿ ಅಕ್ಷರ ಬಾರದ ಅಜ್ಜಿಗೆ ಓದಿ ಹೇಳಿದ್ದಾನೆ. ಹಿಟ್ಟಿನ ಹುಂಜ ಕೂಗಿದ ಪ್ರಸಂಗ ಬಂದಾಗ ಅಜ್ಜಿ, 'ಮಗಾ, ಅದನ್ನ ಇನ್ನೊಂದು ಸಲ ಓದು' ಎನ್ನುತ್ತಿದ್ದಳು. ಅಂಥ ಕಡೆಗಳಲ್ಲೆಲ್ಲ ಅವನು ಪೆನ್ಸಿಲಿನಿಂದ ಗೆರೆ ಎಳೆದಿದ್ದಾನೆ. ಪಕ್ಕದಲ್ಲೇ ಮನೆಯ ಹೆಂಗಸರು ಸಾಂಗತ್ಯದ ಧಾಟಿಯಲ್ಲಿ ಹಾಡುತ್ತಿದ್ದ ರತ್ನಾಕರವರ್ಣಿಯ ಭರತೇಶ ವೈಭವ. ಕೆಳಗಿನ ಅರೆಯಲ್ಲಿ ಜಾನಪದ ಕಥೆಗಳ ಸಂಗ್ರಹಗಳು, ನಾಟಕಗಳು, ಕಾದಂಬರಿಗಳು. ಈ ಓದುಗನು ಸಜ್ಜನ. ಊಟಕ್ಕೆ ಬಂದವರನ್ನು ಬರಿಗೈಯಲ್ಲಿ ಕಳುಹಿಸುವವನಲ್ಲ. ಆದರೆ ಪುಸ್ತಕವನ್ನು ಮಾತ್ರ ಯಾರಿಗೂ ಕೊಡಲಾರ. ಒಮ್ಮೆ ಕೊಟ್ಟದ್ದು ಮರಳಿ ಬರಲಿಲ್ಲ. ಇನ್ನೊಮ್ಮೆ ಕೊಟ್ಟದ್ದು ಅರಿಸಿನದ ಕೈಗುರುತಿನೊಡನೆ ಬಂದಿತು. ಅಂದಿನಿಂದ ಕಪಾಟಿಗೆ ಬೀಗ. (ಪುಸ್ತಕವನ್ನು ಎರವಲು ಪಡೆದು ಮರೆಯುವವರ ಕರ್ಮಬಂಧದ ಬಗ್ಗೆಯೂ ಯಾರಾದರೂ ಬರೆಯಬೇಕಾಗಿದೆ!)

ಈ ಓದುಗನು ಮೆಚ್ಚಿದ ಕಥೆಗಳಲ್ಲೇ ಅವನ ಮೇಲಿನ ಆಕ್ಷೇಪಣೆ ಅಡಗಿದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಲೋಕಕ್ಕೆ ಪರಿಚಯಿಸಿದ ಕನ್ನಡದ ಜನಪದ ಕಥೆಯೊಂದುಂಟು. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆಯು ಬಾಗಿಲಲ್ಲಿ ಒಂದು ಜೊತೆ ಪಾದರಕ್ಷೆಯಾಯಿತು, ಹಾಡು ಗೂಟಕ್ಕೆ ತೂಗುಬಿದ್ದ ಗಂಡಸಿನ ಅಂಗಿಯಾಯಿತು. ಮನೆಗೆ ಬಂದ ಗಂಡ ಸಂಶಯಗೊಂಡು ಜಗಳವಾಡಿ, ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳನ್ನು ಆರಿಸಿದ ಮೇಲೆ ಜ್ವಾಲೆಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ಅವನ ಮನೆಯ ದೀಪದ ಬಾಯಿಂದಲೇ ಅವನಿಗೆ ನಿಜ ಸಂಗತಿ ತಿಳಿಯಿತು. ಬೆಳಗ್ಗೆ ಮನೆಗೆ ಹೋಗಿ ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುದೆಂದು ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿದ್ದವು. ಹೀಗೆ ದೀಪಗಳು ಗುಡಿಯಲ್ಲಿ ಕೂಡುವ ಕಲ್ಪನೆಯಿಂದಲೇ ಗಿರೀಶ ಕಾರ್ನಾಡರ ನಾಗಮಂಡಲ ನಾಟಕ ಆರಂಭವಾಗುತ್ತದೆ. ನಾಟಕವನ್ನು ಆಧರಿಸಿ ಟಿ. ಎಸ್. ನಾಗಾಭರಣ ಅವರು 1997ರಲ್ಲಿ ಚಲನಚಿತ್ರ ಮಾಡಿದರು. ಹೇಳದೆ ಉಳಿದ ಕಥೆಯ ಕುರಿತಾದ ಕಥೆಯು ಬಾಯಿಂದ ಬಾಯಿಗೆ, ರಂಗಕ್ಕೆ, ತೆರೆಗೆ ಸಾಗಿ ಬದುಕಿದೆ. ಓದುಗನು ಆ ಕಥೆಯ ಪುಸ್ತಕವನ್ನು ಬೀಗದೊಳಗೆ ಇಟ್ಟಿದ್ದಾನೆ.

ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ ಕಂಡರು. ಈ ನೆಲೆಯಲ್ಲಿ ನೋಡಿದರೆ ಸಾವಿರ ಪುಸ್ತಕವುಳ್ಳವನು ಅಪರಿಗ್ರಹಿಯಾಗಿರಬಹುದು, ಒಂದೇ ಪುಸ್ತಕವುಳ್ಳವನು ಪರಿಗ್ರಹಿಯಾಗಿರಬಹುದು. ಅಷ್ಟೇ ಅಲ್ಲ, ಅವರೇ ತತ್ತ್ವಾರ್ಥಸೂತ್ರದಲ್ಲಿ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳು ಸೇರಿವೆ: ತಿಳಿದುದನ್ನು ಮರೆಮಾಚುವುದು, ಯೋಗ್ಯನಿಗೂ ಹೊಟ್ಟೆಕಿಚ್ಚಿನಿಂದ ಕೊಡದಿರುವುದು, ಇನ್ನೊಬ್ಬರ ಓದಿಗೆ ಅಡ್ಡಿಯಾಗುವುದು. ಬಂಗಾರವನ್ನು ಬಚ್ಚಿಟ್ಟವನಿಗೆ ಲೋಭವೊಂದೇ ದೋಷ. ಗ್ರಂಥವನ್ನು ಬಚ್ಚಿಟ್ಟವನು ಜ್ಞಾನಕ್ಕಾಗಿಯೇ ಅದನ್ನು ಪ್ರೀತಿಸಿ, ಆ ಪ್ರೀತಿಯಿಂದಲೇ ತನ್ನ ಜ್ಞಾನಕ್ಕೆ ಆವರಣವನ್ನು ತಂದುಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆಗಳನ್ನು ಕನ್ನಡ ನಾಡಿನ ಶ್ರಾವಕರಿಗೆ ನೆನಪಿಸಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಓಲೆಗರಿಯನ್ನೂ ಹದಮಾಡಿ ಕಂಟದಿಂದ ಕೊರೆದು ಆದ ಸಾವಿರ! ಶಾಸ್ತ್ರದಾನಕ್ಕೆ ದೃಷ್ಟಾಂತವಾಗಿ ಹೇಳುವ ಕೌಂಡೇಶನ ಕಥೆ ಇನ್ನೂ ಸರಳವಾದುದು. ದನಕಾಯುವ ಗೋವಿಂದನಿಗೆ ಮರದ ಪೊಟರೆಯಲ್ಲಿ ಶಾಸ್ತ್ರವೊಂದು ದೊರೆಯಿತು. ಅವನು ಅದನ್ನು ಪೂಜಿಸಿ ಮುನಿಯೊಬ್ಬರಿಗೆ ಒಪ್ಪಿಸಿದ. ಆ ಪುಣ್ಯದಿಂದ ಮುಂದೆ ಕೌಂಡೇಶನಾಗಿ ಹುಟ್ಟಿ ಶ್ರುತಜ್ಞಾನಿಯಾದ. ಅವನಿಗೆ ಜ್ಞಾನ ಬಂದುದು ಓದಿದ್ದರಿಂದಲ್ಲ, ಓದಬಲ್ಲವರಿಗೆ ಕೊಟ್ಟಿದ್ದರಿಂದ.

ಆದರೆ ಕೊಡುವುದೊಂದೇ ಧರ್ಮ, ಕಾಯುವುದೆಲ್ಲ ದೋಷ ಎಂದು ತೀರ್ಮಾನಿಸಲು ಮೂಡಬಿದಿರೆಯ ಇತಿಹಾಸ ಅವಕಾಶ ಕೊಡುವುದಿಲ್ಲ. ಗಿರಿನಾರದಲ್ಲಿ ಧರಸೇನಾಚಾರ್ಯರು, ತಮ್ಮೊಡನೆ ಶ್ರುತವು ಅಳಿದೀತೆಂಬ ಆತಂಕದಿಂದ ಪುಷ್ಪದಂತ ಭೂತಬಲಿಗಳಿಗೆ ಉಪದೇಶಿಸಿದರೆಂದೂ, ಪುಷ್ಪದಂತರು ಬನವಾಸಿಯ ಕಡೆಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರೆಂದೂ ಪರಂಪರೆ ಹೇಳುತ್ತದೆ. ಆ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಗರಿ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು. ಕರಾವಳಿಯ ಮಳೆ, ತೇವ, ಹುಳುಗಳ ನಡುವೆ ಶತಮಾನಗಳ ಕಾಲ ಅವನ್ನು ಕಾಪಾಡಿದವರ ಭಕ್ತಿಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೂ ಬಹುಕಾಲ ಅವು ಯಾತ್ರಿಕರ ದರ್ಶನಕ್ಕೆ ಮಾತ್ರ ತೆರೆದಿದ್ದವು, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿ ಮಾಡುವ ಕೆಲಸ ಆರಂಭವಾದಾಗಲೂ ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬ ನಿರ್ಬಂಧವಿತ್ತು. ಆಗ ಆ ಕೆಲಸಕ್ಕೆ ನಿಯುಕ್ತರಾಗಿದ್ದ ಪಂಡಿತರೊಬ್ಬರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಆ ಮೂಲದಿಂದ ಹರಡಿದ ಪ್ರತಿಗಳನ್ನು ಆಧರಿಸಿಯೇ ಪ್ರೊ. ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು.

ಇಲ್ಲಿ ಎರಡು ವ್ರತಗಳು ಎದುರುಬದುರಾಗಿ ನಿಲ್ಲುತ್ತವೆ. ಕೊಡದುದನ್ನು ತೆಗೆದುಕೊಂಡರೆ ಅಚೌರ್ಯ ವ್ರತಕ್ಕೆ ಭಂಗ. ಓಲೆಗರಿಯನ್ನು ಮುಟ್ಟದೆ ಅಕ್ಷರಗಳನ್ನಷ್ಟೇ ತೆಗೆದುಕೊಂಡೆವೆಂಬ ಸಮಾಧಾನ ನಿಲ್ಲುವುದಿಲ್ಲ. ಲೋಕಕ್ಕೆ ಉಪಕಾರವಾಯಿತೆಂಬುದರಿಂದ ಆ ದೋಷ ತೊಳೆದುಹೋಗದು. ಆದರೆ ಗುಟ್ಟಿಗೆ ದಾರಿ ಮಾಡಿದ್ದು ಬೀಗ. ಓದಬಲ್ಲವನಿಗೆ ಎದುರಿನ ಬಾಗಿಲು ತೆರೆದಿದ್ದರೆ ಹಿಂಬಾಗಿಲಿನ ಅಗತ್ಯವೇ ಬೀಳುತ್ತಿರಲಿಲ್ಲ. ಮುದ್ರಣ ಆರಂಭವಾದ ಮೇಲೆ ಮೂಡಬಿದಿರೆಯವರೇ ಮುಂದೆ ಬಂದು ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಸಹಕರಿಸಿದರು; ಸಂಪಾದಕರ ತಪ್ಪುಗಳು ಅದರಿಂದ ತಿದ್ದಿದವು. ಕಾದವರು ಕೊಟ್ಟದ್ದರಿಂದ ಕಾದುದಕ್ಕೂ ಅರ್ಥ ಬಂದಿತು. ಕಾಯದೆ ಇದ್ದಿದ್ದರೆ ಕೊಡಲು ಏನೂ ಉಳಿಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಇಂದಿಗೂ ಎಷ್ಟೋ ಬಸದಿಗಳಲ್ಲಿ ಗ್ರಂಥಗಳ ಕಪಾಟು ಉಂಟು. ಶ್ರುತಪಂಚಮಿಯಂದು ಅದನ್ನು ತೆರೆದು, ಧೂಳು ಕೊಡವಿ, ಹೊಸ ವೇಷ್ಟನ ಸುತ್ತಿ, ಪೂಜೆ ಮಾಡಿ ಮತ್ತೆ ಬೀಗ ಹಾಕುತ್ತಾರೆ. ಬೀಗದ ಕೈ ಬೇರೆ ಊರಿನಲ್ಲಿ ನೆಲೆಸಿದ ಧರ್ಮದರ್ಶಿಯೊಬ್ಬರ ಬಳಿ ಇರುತ್ತದೆ. ಮನೆಗಳ ಕಪಾಟುಗಳಿಗೆ ಆ ಪೂಜೆಯೂ ಇಲ್ಲ. ಯಜಮಾನನು ತೀರಿಕೊಂಡ ವರ್ಷದೊಳಗೆ, ಅವನು ನೆರೆಯವನಿಗೂ ಕೊಡದಿದ್ದ ಪುಸ್ತಕಗಳು ರದ್ದಿಯಂಗಡಿಯ ತಕ್ಕಡಿಗೆ ಹೋಗುತ್ತವೆ. ಮಕ್ಕಳನ್ನು ದೂರಿ ಫಲವಿಲ್ಲ. ಆ ಪುಸ್ತಕಗಳಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಊಹೆಯ ಆ ಓದುಗನು ಒಂದು ಶ್ರುತಪಂಚಮಿಗೆ ಯಶೋಧರ ಚರಿತೆಯನ್ನು ಬಸದಿಗೆ ಒಪ್ಪಿಸಲು ಮನಸ್ಸು ಮಾಡಿದನೆನ್ನಬಹುದು. ಕಪಾಟಿಗಲ್ಲ, ಭಾನುವಾರದ ಪಾಠಶಾಲೆಯ ಮಕ್ಕಳ ಕೈಗೆ. ಕೊಡುವ ಮೊದಲು ಪೆನ್ಸಿಲಿನ ಗುರುತುಗಳನ್ನು ಅಳಿಸಬೇಕೆಂದು ರಬ್ಬರು ಹಿಡಿದು ಕುಳಿತನು. ಎರಡು ಪುಟ ಅಳಿಸಿದನು. ಹುಂಜ ಕೂಗುವ ಪುಟಕ್ಕೆ ಬಂದಾಗ ಕೈ ನಿಂತಿತು. ಮುಂದೆ ಓದುವ ಹುಡುಗನಿಗೆ ಆ ಗೆರೆ ಎಳೆದವರು ಯಾರು, ಏಕೆ ಎಂಬುದು ತಿಳಿಯಲಾರದು. ಗೆರೆ ಇದೆಯೆಂಬ ಕಾರಣಕ್ಕೆ ಅವನೂ ಆ ಭಾಗವನ್ನು ಇನ್ನೊಂದು ಸಲ ಓದಬಹುದು.