ಸೋತ ದಿನದ ‘ನಾವು’

‘ನಾವು’ ಎಂಬುದು ಎರಡೇ ಅಕ್ಷರಗಳ ಮಾತು. ಆದರೆ ಮನುಷ್ಯನ ಮಮತೆಯ ಆಳವನ್ನು ಅಳೆಯುವುದಕ್ಕೆ ಇಷ್ಟು ನಂಬಲರ್ಹವಾದ ಅಳತೆಗೋಲು ಮತ್ತೊಂದು ಸಿಕ್ಕುವುದು ಕಷ್ಟ. ಅವನು ಈ ಮಾತನ್ನು ಯಾವಾಗ ಹಿಡಿಯುತ್ತಾನೆ, ಯಾವಾಗ ಕೈಬಿಡುತ್ತಾನೆ ಎಂಬುದನ್ನು ಗಮನಿಸಿದರೆ ಸಾಕು. ಬೆಳೆ ಬಂದ ವರ್ಷ ‘ನಮ್ಮ ಹೊಲ’ ಎಂದವನು ಬೆಳೆ ಹೋದ ವರ್ಷ ‘ಅಣ್ಣನ ಬೇಸಾಯ’ ಎನ್ನುವುದುಂಟು. ಮಗನಿಗೆ ಬಹುಮಾನ ಬಂದರೆ ‘ನನ್ನ ಮಗ’; ನಪಾಸಾದರೆ ಹೆಂಡತಿಯ ಕಡೆ ತಿರುಗಿ ‘ನಿನ್ನ ಮಗ’. ಇದನ್ನು ಕೇಳಿ ನಗುವವರೇ ಹೆಚ್ಚು. ಆದರೆ ಆ ನಗೆಯ ಹಿಂದೆ ಒಂದು ಗಂಭೀರವಾದ ಪ್ರಶ್ನೆಯಿದೆ: ಗೆಲುವಿನಲ್ಲಿ ಪಾಲು ಕೇಳಿದವನಿಗೆ ಸೋಲಿನಲ್ಲಿ ಪಾಲು ಬೇಡವೆನ್ನುವ ಅಧಿಕಾರವುಂಟೆ? (ಮಠಾಧಿಪತಿಗಳು ತಮ್ಮೊಬ್ಬರನ್ನೇ ‘ನಾವು’ ಎಂದು ಹೇಳಿಕೊಳ್ಳುವ ರೂಢಿಯೊಂದಿದೆ. ಇಲ್ಲಿಯ ವಿಚಾರ ಆ ‘ನಾವು’ ಅಲ್ಲ.)

ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟವರು ಪಂಡಿತರಲ್ಲ, ಫುಟ್‌ಬಾಲ್ ಆಟದ ಅಭಿಮಾನಿಗಳು. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ಓದಿ, ಈಗ ಬೆಂಗಳೂರಿನ ಪೂರ್ವಭಾಗದ ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆಯ ಮನೆ ಹಿಡಿದು, ಅಲ್ಲಿಯ ಕೈಗಾರಿಕೆಗಳಲ್ಲಿಯೂ ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿಯೂ ದುಡಿಯುತ್ತಿರುವ ತರುಣರು ಅವರು. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡದ ಪಂದ್ಯವಿದ್ದರೆ ಅವರು ತಪ್ಪದೆ ಹೋಗುವವರು. ವಾಚಕರಲ್ಲಿ ಅನೇಕರಿಗೆ ಈ ತಂಡದ ಪರಿಚಯವಿರಲಾರದು. ಅದು 2013ರಲ್ಲಿ ಹುಟ್ಟಿತು. ತಾನು ಆಡಿದ ಮೊದಲ ಐ-ಲೀಗ್‌ನಲ್ಲಿಯೇ ಪ್ರಶಸ್ತಿ ಪಡೆದು, 2015-16ರಲ್ಲಿ ಅದನ್ನು ಮತ್ತೆ ಗೆದ್ದಿತು. ಮುಂದೆ ಇಂಡಿಯನ್ ಸೂಪರ್ ಲೀಗ್ ಸೇರಿ, 2018-19ರಲ್ಲಿ ಅಲ್ಲಿಯೂ ಚಾಂಪಿಯನ್ ಆಯಿತು. 2023ರ ಮಾರ್ಚಿಯಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯದವರೆಗೆ ಹೋಗಿತ್ತು. ಅಂಥ ತಂಡ ಅದೇ ವರ್ಷ ಡಿಸೆಂಬರ್ 8ರಂದು, ತನ್ನದೇ ಕಂಠೀರವ ಅಂಗಳದಲ್ಲಿ, ತನ್ನದೇ ಜನರ ಎದುರಿನಲ್ಲಿ, ಮುಂಬಯಿ ಸಿಟಿ ತಂಡಕ್ಕೆ 0-4ರಿಂದ ಸೋತಿತು.

ಆ ಸೋಲನ್ನು ಕುರಿತು ತರುಣರ ನಡುವೆ ನಡೆದ ವಾದವನ್ನು ಅವರಿಂದಲೇ ಕೇಳಿದೆವು. ಒಬ್ಬನ ಮಾತಿನಲ್ಲಿ ಒಂದು ವಿಶೇಷವಿತ್ತು. ಹಿಂದಿನ ಗೆಲುವುಗಳನ್ನು ಹೇಳುವಾಗಲೆಲ್ಲ ಅವನು “ನಾವು ಕಪ್ ಗೆದ್ದೆವು, ಬುದ್ಧಿ” ಎನ್ನುತ್ತಿದ್ದ. ಈ ಪಂದ್ಯದ ಮಾತು ಬಂದೊಡನೆ “ಅವರು ನಾಲ್ಕು ಗೋಲು ಬಿಟ್ಟುಕೊಟ್ಟರು” ಎಂದ. ‘ನಾವು’ ಎಲ್ಲಿ ‘ಅವರು’ ಆಯಿತೆಂಬುದು ಅವನಿಗೇ ತಿಳಿಯಲಿಲ್ಲ. ಅವನೊಬ್ಬನನ್ನು ಆಕ್ಷೇಪಿಸಿ ಫಲವಿಲ್ಲ. ಇದು ಲೋಕದ ರೂಢಿ. ಆ ತರುಣರು ಮುಂದಿಟ್ಟ ವಾದಗಳು ಮೂರು. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಗಿರಾಕಿಯ ವಾದ. ‘ದುಡ್ಡು ಕೊಟ್ಟು ಟಿಕೆಟ್ಟು ಕೊಂಡಿದ್ದೇವೆ. ಸರಕು ಕೆಟ್ಟದ್ದಾದರೆ ಬಯ್ಯುವ ಹಕ್ಕೂ ಬಿಟ್ಟುಹೋಗುವ ಹಕ್ಕೂ ನಮಗಿದೆ.’ ನ್ಯಾಯವಾಗಿಯೇ ಕಾಣುವ ಮಾತು. ಆದರೆ ಯೋಚಿಸಿರಿ: ಒಂದು ಅಂಗಡಿಯ ಅಕ್ಕಿಯಲ್ಲಿ ಹುಳು ಕಂಡರೆ ಗಿರಾಕಿಯು ಮುಂದಿನ ಅಂಗಡಿಗೆ ಹೋಗುತ್ತಾನೆ, ಅದಕ್ಕಾಗಿ ರಾತ್ರಿಯ ನಿದ್ದೆ ಕಳೆದುಕೊಳ್ಳುವುದಿಲ್ಲ. ಚೆನ್ನಾಗಿ ಆಡಿದವರು ಮುಂಬಯಿಯವರಾದರೆ ನಾಳೆಯಿಂದ ಮುಂಬಯಿಯ ಅಭಿಮಾನಿಯಾಗಬಹುದಲ್ಲ? ಹಾಗೆ ಆಗುವುದು ಅವನಿಂದ ಸಾಧ್ಯವಿಲ್ಲ. ಅವನ ದುಃಖವೇ ಅವನು ಗಿರಾಕಿಯಲ್ಲವೆಂಬುದಕ್ಕೆ ಸಾಕ್ಷಿ. ಮೇಲಾಗಿ ಟಿಕೆಟ್ಟಿನಲ್ಲಿ ಮಾರಿದ್ದು ಪಂದ್ಯವನ್ನೇ ಹೊರತು ಗೆಲುವನ್ನಲ್ಲ. ಗೆಲುವು ಮೊದಲೇ ಮಾರಾಟವಾಗಿದ್ದರೆ ಅದು ಆಟವೇ ಅಲ್ಲ.

ಎರಡನೆಯದು ಬಲಿಯ ವಾದ. ‘ಎಲ್ಲಕ್ಕೂ ತರಬೇತುದಾರನೇ ಕಾರಣ, ಅವನು ಹೋದರೆ ಸರಿಹೋಗುತ್ತದೆ.’ ಹೋದದ್ದೂ ಆಯಿತು. ಪಂದ್ಯದ ಮರುದಿನವೇ, ಡಿಸೆಂಬರ್ 9ರಂದು, ತರಬೇತುದಾರ ಸೈಮನ್ ಗ್ರೇಸನ್ ಅವರೊಡನೆ ತಂಡದ ಸಂಬಂಧ ಕಡಿಯಿತು. 2022ರಲ್ಲಿ ಡುರಾಂಡ್ ಕಪ್ಪನ್ನು ಗೆದ್ದುಕೊಟ್ಟವರೂ ಅವರೇ, ಒಂಬತ್ತು ತಿಂಗಳ ಹಿಂದೆ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದವರೂ ಅವರೇ. ಅವರ ಸ್ಥಾನಕ್ಕೆ ಸ್ಪೇನಿನ ಗೆರಾರ್ಡ್ ಸರಗೋಸಾ ಬಂದರು. ಫಲವೇನು? ನಾಲ್ಕು ತಿಂಗಳ ನಂತರ, 2024ರ ಏಪ್ರಿಲ್ 11ರಂದು, ಅದೇ ಕಂಠೀರವದಲ್ಲಿ ಮೋಹನ್ ಬಾಗಾನ್ ತಂಡಕ್ಕೆ ಅದೇ 0-4ರ ಸೋಲು. ಆ ಋತುವಿನಲ್ಲಿ 22 ಪಂದ್ಯಗಳಿಗೆ 22 ಅಂಕ. 12 ತಂಡಗಳಲ್ಲಿ ಹತ್ತನೆಯ ಸ್ಥಾನ. ಹೊಣೆಯೆಲ್ಲ ಒಬ್ಬನ ತಲೆಯ ಮೇಲಿದ್ದಿದ್ದರೆ ಆ ತಲೆಯೊಡನೆ ಅದೂ ಹೊರಟುಹೋಗಬೇಕಾಗಿತ್ತು.

ಇನ್ನೂ ಒಂದು ಸಂಗತಿ ಇದೆ. ಈ ಸಲ ತರಬೇತುದಾರರನ್ನು ಬದಲಿಸಲಿಲ್ಲ. ಮುಂದಿನ ಋತುವಿನಲ್ಲಿ ಅದೇ ಸರಗೋಸಾ ಅವರ ತಂಡ ಮೂರನೆಯ ಸ್ಥಾನಕ್ಕೆ ಏರಿ, 2025ರ ಏಪ್ರಿಲ್ 12ರಂದು, ಒಂದು ವರ್ಷದ ಮೇಲೆ ಒಂದೇ ದಿನ ಕಳೆದಾಗ, ಕಲ್ಕತ್ತೆಯಲ್ಲಿ ಅದೇ ಮೋಹನ್ ಬಾಗಾನ್ ಎದುರು ಅಂತಿಮ ಪಂದ್ಯವಾಡಿತು. ಅಲ್ಲಿಯೂ ಗೆಲ್ಲಲಿಲ್ಲ, ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. ಆದರೆ ಆ ಸೋಲು ಬೇರೆ, ಈ ಸೋಲು ಬೇರೆ ಎಂಬುದನ್ನು ಜೊತೆಗೆ ಉಳಿದವನು ಮಾತ್ರ ಬಲ್ಲ. ನಡುವೆ ಎದ್ದುಹೋದವನಿಗೆ ಎರಡೂ ಪತ್ರಿಕೆಯ ಎರಡು ಸಾಲುಗಳು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಆಡಳಿತದವರ ವಿಚಾರ. ಒಬ್ಬನನ್ನು ಬಲಿಗೊಟ್ಟು ಉಳಿದವರೆಲ್ಲ ಕೈತೊಳೆದುಕೊಳ್ಳುವ ಆತುರವೊಂದು ನಮ್ಮೆಲ್ಲರ ಮನಸ್ಸಿನಲ್ಲಿದೆಯಲ್ಲ, ಅದನ್ನು ಇಲ್ಲಿ ಗುರುತಿಸಬೇಕಾಗಿದೆ.

ಮೂರನೆಯದು ಮೌನದ ವಾದ. ‘ನಿಜವಾದ ಅಭಿಮಾನಿ ತನ್ನ ತಂಡವನ್ನು ಟೀಕಿಸಲೇಬಾರದು.’ ಇದು ನಿಷ್ಠೆಯಂತೆ ಕಾಣುತ್ತದೆ, ಆದರೆ ನಿಷ್ಠೆಯಲ್ಲ. ಜ್ವರ ಬಂದ ಮಗುವಿಗೆ ಜ್ವರವಿಲ್ಲವೆನ್ನುವ ತಾಯಿ ಮಗುವಿನ ಹಿತೈಷಿಯಾಗಲಾರಳು. ನಾಲ್ಕು ಗೋಲು ಬಿದ್ದಾಗ ರಕ್ಷಣೆ ಸಡಿಲವಾಗಿತ್ತೆಂದು ಹೇಳಲೇಬೇಕು. ಆದರೆ ವಿಮರ್ಶೆಗೂ ನಿಂದೆಗೂ ಒಂದು ಗೆರೆಯುಂಟು, ಮತ್ತು ಆ ಗೆರೆ ಹಾದುಹೋಗುವುದು ಈ ಎರಡಕ್ಷರದ ಮಾತಿನ ಮೇಲೆಯೇ. ‘ನಮ್ಮ ರಕ್ಷಣೆ ಸಡಿಲವಾಗಿತ್ತು’ ಎಂಬುದು ವಿಮರ್ಶೆ. ‘ಆ ಅಯೋಗ್ಯನನ್ನು ಓಡಿಸಿ’ ಎಂಬುದು ನಿಂದೆ. ಮೊದಲನೆಯದರಲ್ಲಿ ಹೇಳುವವನೂ ಸ್ವಲ್ಪ ನೋಯುತ್ತಾನೆ. ಎರಡನೆಯದರಲ್ಲಿ ಕೇಳುವವನು ಮಾತ್ರ ನೋಯುತ್ತಾನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಭಿಮಾನಿ ಚೆಂಡನ್ನು ಒದೆಯುವುದಿಲ್ಲ. ತಂಡ ಒಂದು ಕಂಪನಿಯ ಸ್ವತ್ತು. ಹೀಗಿರುವಾಗ ಅವನ ‘ನಾವು’ ಬರಿಯ ಭ್ರಮೆಯಲ್ಲವೆ? ದೊಡ್ಡನೆಕ್ಕುಂದಿಗೆ ಸಮೀಪದ ಎಚ್‌ಎಎಲ್ ಕಾರ್ಖಾನೆಯ ತಂಡ ಐ-ಲೀಗ್‌ವರೆಗೆ ಏರಿ 2012ರಲ್ಲಿ ಅಲ್ಲಿಂದ ಕೆಳಗಿಳಿಯಿತು. ಆ ತಂಡವನ್ನು ‘ನಮ್ಮದು’ ಎನ್ನುವುದು ಕಾರ್ಮಿಕನಿಗೆ ಸಹಜವಾಗಿತ್ತು. ತಂಡದ ಹೆಸರೂ ಅವನ ಸಂಬಳದ ಚೀಟಿಯ ಹೆಸರೂ ಒಂದೇ. ಇಂದಿನ ದೊಡ್ಡನೆಕ್ಕುಂದಿಯಲ್ಲಿ ಹಾಗಲ್ಲ. ಒಂದೇ ಓಣಿಯಲ್ಲಿ ಗದುಗಿನವನು, ಕೇರಳದವನು, ಬಂಗಾಳದವನು. ಅಲ್ಲಿ ‘ನಾವು’ ತಾನಾಗಿ ಒದಗುವುದಿಲ್ಲ; ಅದನ್ನು ಒಪ್ಪಿ ಕಟ್ಟಿಕೊಳ್ಳಬೇಕು. ಹುಟ್ಟಿನಿಂದ ಬಂದದ್ದಕ್ಕಿಂತ ಒಪ್ಪಿಗೆಯಿಂದ ಬಂದದ್ದು ಕೀಳಲ್ಲವೆಂಬುದನ್ನು ಶರಣರ ಪರಂಪರೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಒಪ್ಪಿ ಕಟ್ಟಿಕೊಂಡ ‘ನಾವು’ ಉಳಿಯುವುದು ನಡತೆಯಿಂದ ಮಾತ್ರ. ಅಭಿಮಾನಿಯ ಬಳಿ ಕೊಡುವುದಕ್ಕೆ ಇರುವುದು ಒಂದೇ: ಅವನ ಹಾಜರಿ. ಗೋಲು ಬೀಳುತ್ತಿರುವಾಗಲೂ ಕೊನೆಯ ಸೀಟಿಯವರೆಗೆ ಕುಳಿತಿರುವುದೇ ಅವನ ಕಾಯಕ. 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡ, ತನ್ನ ವಿರುದ್ಧದ ಗೋಲನ್ನು ಒಪ್ಪದೆ, ಪಂದ್ಯ ಮುಗಿಯುವ ಮೊದಲೇ ಅಂಗಳವನ್ನು ಬಿಟ್ಟುಹೋಯಿತು. ಅದನ್ನು ಹಳಿದವರು ತಮ್ಮ ತಂಡ ನಾಲ್ಕು ಗೋಲಿನ ಹಿಂದಿರುವಾಗ ತಾವು ಎದ್ದುಹೋಗುವುದು ಹೇಗೆ? ಹಾಗೆಯೇ, ಗೆದ್ದ ತಂಡದವನು ಪಕ್ಕದ ಮನೆಯವನಾಗಿದ್ದರೆ ಮರುದಿನ ಅವನ ಎದುರು ಮುಖ ತಿರುಗಿಸದಿರುವುದೂ ಈ ಕಾಯಕದ ಭಾಗವೇ.

ಹಾಗಾದರೆ ಬಿಟ್ಟುಹೋಗುವುದು ಎಂದಿಗೂ ಸಲ್ಲದೆ? ಸಲ್ಲುತ್ತದೆ. ತಂಡ ಮೋಸ ಮಾಡಿದರೆ, ಹಣಕ್ಕಾಗಿ ಬೇಕೆಂದು ಸೋತರೆ, ಎದುರಾಳಿಯನ್ನು ಹುಟ್ಟಿನಿಂದಲೋ ಬಣ್ಣದಿಂದಲೋ ಹೀಯಾಳಿಸಿದರೆ, ಅಂಥದನ್ನು ಬಿಡುವುದೇ ಧರ್ಮ. ಅಧರ್ಮದಲ್ಲಿ ‘ನಾವು’ ಎಂದು ನಿಲ್ಲುವುದು ನಿಷ್ಠೆಯಲ್ಲ, ಪಾಲುದಾರಿಕೆ. ಆದರೆ ಸೋಲು ಅಪರಾಧವಲ್ಲ. ಸೋತವನನ್ನು ಅಪರಾಧಿಯಂತೆ ಕಾಣುವುದರಿಂದಲೇ ನಮ್ಮ ವಿವೇಕ ಕೆಡುತ್ತದೆ.

ಸೋಲಿಗಿಂತ ದೊಡ್ಡ ನಷ್ಟವೊಂದಿದೆಯೆಂಬುದನ್ನು 2025 ಕಲಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗನ್ನು ನಡೆಸುತ್ತಿದ್ದ ಸಂಸ್ಥೆಗೂ ಇದ್ದ ಕರಾರು ನವೀಕರಣವಾಗದೆ ಜುಲೈ ತಿಂಗಳಲ್ಲಿ ಲೀಗ್ ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಪಂದ್ಯಗಳು ಎಂದಿನಂತೆ ಆರಂಭವಾಗಲಿಲ್ಲ. ‘ಇಂಥ ತಂಡ ಇದ್ದರೆಷ್ಟು, ಬಿಟ್ಟರೆಷ್ಟು’ ಎಂದು ಸೋತ ದಿನ ಹೇಳಿದವರಿಗೆ ತಂಡ ಆಡದಿರುವ ಸಂಜೆ ಎಂಥದೆಂಬುದು ಆಗ ತಿಳಿದಿರಬೇಕು.

ಆಟದ ಮಾತು ಆಟದಲ್ಲಿಯೇ ನಿಲ್ಲುವುದಲ್ಲ. ಓದಿದ ಶಾಲೆಯ ಫಲಿತಾಂಶ ಜಿಲ್ಲೆಗೆ ಮೊದಲಾದ ವರ್ಷ ‘ನಮ್ಮ ಶಾಲೆ’ ಎಂದು ಹೆಮ್ಮೆಪಟ್ಟ ಹಳೆಯ ವಿದ್ಯಾರ್ಥಿ, ಫಲಿತಾಂಶ ಕುಸಿದ ವರ್ಷ ‘ಈಗಿನ ಮೇಷ್ಟ್ರುಗಳು’ ಎಂದು ಸುಮ್ಮನಾಗುತ್ತಾನೆ. ರಥೋತ್ಸವದ ದಿನ ‘ನಮ್ಮ ಮಠ’. ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ ಅಕ್ಕಿ ಕಡಮೆಯಾದ ದಿನ ‘ಮಠದವರು ಏನು ಮಾಡುತ್ತಿದ್ದಾರೆ?’ ದೊಡ್ಡನೆಕ್ಕುಂದಿಯ ಆ ತರುಣನಲ್ಲಿ ಕಂಡ ದೋಷವನ್ನು ವಾಚಕರು ಒಮ್ಮೆ ತಮ್ಮ ಮಾತಿನಲ್ಲಿಯೂ ಹುಡುಕಿ ನೋಡಲಿ. ಪಡಸಾಲೆಯಲ್ಲಿ, ಕಚೇರಿಯಲ್ಲಿ, ಊರಿನ ಸಭೆಯಲ್ಲಿ ಸೋಲಿನ ಸುದ್ದಿ ಬಂದಾಗ ನಾಲಿಗೆಯ ಮೇಲೆ ಮೊದಲು ಬರುವುದು ‘ನಾವು’ ಎಂಬುದೋ ‘ಅವರು’ ಎಂಬುದೋ? ‘ನಾವು’ ಎಂದು ಬಂದರೆ, ಅದರ ಮುಂದೆ ಎಷ್ಟು ಕಠಿಣವಾದ ಮಾತನ್ನಾಡಿದರೂ ಅದು ಕಟ್ಟುವ ಮಾತೇ ಆಗಿರುತ್ತದೆ.