ಕೊಸರು

ಎರಡೂವರೆ ವರ್ಷದವಳಿದ್ದಾಗ ನನ್ನ ಮಗಳು ಸ್ವಂತ ದುಡಿಮೆಯ ಮೇಲೆ ಬದುಕುತ್ತಿದ್ದಳು. ಭಾನುವಾರ ಬೆಳಿಗ್ಗೆ ನನ್ನ ಹೆಗಲೇರಿ ಕೋಲ್ಕತ್ತದ ಲೇಕ್ ಮಾರ್ಕೆಟ್ಟಿಗೆ ಹೋಗುವುದು, ಬೇಕೆನಿಸಿದ ಕಡೆ ಕೈ ಚಾಚುವುದು, ಇಷ್ಟೇ ಕೆಲಸ. ಮನೆಗೆ ಬರುವ ಹೊತ್ತಿಗೆ ಅವಳ ಫ್ರಾಕಿನ ಜೇಬಿನಲ್ಲಿ ಒಂದು ಕ್ಯಾರೆಟ್ಟು, ನಾಲ್ಕೈದು ದ್ರಾಕ್ಷಿ, ಒಂದು ಬಾಡಿದ ಚೆಂಡುಹೂವು ಇರುತ್ತಿದ್ದವು. ಮುನ್ನೂರು ರೂಪಾಯಿ ಸುರಿದು ಬಂದ ನನ್ನ ಪಾಲಿಗೆ ಬೆರಳು ಕತ್ತರಿಸುವ ಚೀಲ, ತಲೆಗೂದಲ ತುಂಬ ದ್ರಾಕ್ಷಿ ರಸ.

ಊರಲ್ಲಿರುವ ನಿಮಗೆ ಲೇಕ್ ಮಾರ್ಕೆಟ್ ಎಂದರೆ ಏನೂ ಅನ್ನಿಸಲಿಕ್ಕಿಲ್ಲ. ದಕ್ಷಿಣ ಕೋಲ್ಕತ್ತದಲ್ಲಿ, ರಾಸ್‌ಬಿಹಾರಿ ಅವೆನ್ಯೂ ಎಂಬ ಅಗಲ ರಸ್ತೆಯ ಮೇಲಿದೆ. ಹತ್ತಿರದ ಕೆರೆಯಿಂದ ಬಂದ ಹೆಸರು. ಅದು ನಮ್ಮ ಕಡೆಯ ಹಾಗೆ ಏರಿ ಕಟ್ಟಿದ ಕೆರೆಯಲ್ಲ, 1920ರ ದಶಕದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಜೌಗು ನೆಲ ಅಗೆಸಿ ಮಾಡಿದ್ದು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರ ಎಂದು ಹೆಸರಿಟ್ಟರು, ಜನ ಮಾತ್ರ ಈಗಲೂ ಲೇಕ್ ಅಂತಲೇ ಅನ್ನುತ್ತಾರೆ. ಬ್ರಿಟಿಷರ ಕಂಪನಿಗಳಿಗೆ ಗುಮಾಸ್ತರಾಗಿ, ಸ್ಟೆನೋಗಳಾಗಿ ಬಂದ ತಮಿಳರು ಈ ಸುತ್ತಿನಲ್ಲಿ ಮನೆ ಮಾಡಿದ್ದರಿಂದ ಇಲ್ಲಿ ಬಾಳೆ ಎಲೆ ಸಿಗುತ್ತದೆ, ಮಲ್ಲಿಗೆ ಸಿಗುತ್ತದೆ, ಕಾಫಿ ಪುಡಿ, ಕರಿಬೇವು ಎಲ್ಲ ಸಿಗುತ್ತದೆ. ನಾವು ಕನ್ನಡದವರು ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು. ಬಂಗಾಳಿಗಳ ಲೆಕ್ಕದಲ್ಲಿ ಎಲ್ಲರೂ 'ಮಾದ್ರಾಜಿ'. ಮೊದಲ ವರ್ಷ ನಾನು ತಿದ್ದುತ್ತಿದ್ದೆ. ಎರಡನೇ ವರ್ಷದಿಂದ ಕರಿಬೇವು ಸಿಕ್ಕರೆ ಸಾಕು ಎಂಬ ಮಟ್ಟಕ್ಕೆ ಬಂದೆ.

ಅಂಗಡಿಯವರು ಮಗುವಿಗೆ ಒಂದು ಕ್ಯಾರೆಟ್ಟು ಕೊಟ್ಟರೆ ಅದರಲ್ಲೇನು ತತ್ವ ವಿಚಾರ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಸಂಪಾದನೆಯನ್ನೆಲ್ಲ ಟೇಬಲ್ಲಿನ ಮೇಲೆ ಹರವಿ ತೋರಿಸಿದೆ. ಅಮ್ಮ ನಗಲಿಲ್ಲ. "ಕಂಡೋರ ಮುಂದೆ ಕೈ ಚಾಚೋದು ಅಭ್ಯಾಸ ಮಾಡಿಸ್ತಿದೀಯಲ್ಲೋ. ಪರಸ್ಥಳ ಬೇರೆ. ಯಾರ ಹಂಗೂ ಬೇಡ ನಮಗೆ" ಅಂದರು.

ಹಂಗು. ಈ ಮಾತಿನ ಭಾರ ಹೊತ್ತೇ ನಾವೆಲ್ಲ ಬೆಳೆದದ್ದು. ಪಕ್ಕದ ಮನೆಯಿಂದ ಒಂದು ಬಟ್ಟಲು ಪಾಯಸ ಬಂದರೆ ಆ ಬಟ್ಟಲು ಖಾಲಿ ಹಿಂದಿರುಗುವಂತಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ವಿದ್ವಾಂಸ 1925ರಲ್ಲಿ ಕೊಡುಗೆಯ ಬಗ್ಗೆಯೇ ಒಂದು ದೊಡ್ಡ ಪ್ರಬಂಧ ಬರೆದು, ಯಾವ ಕೊಡುಗೆಯೂ ಪುಕ್ಕಟೆಯಲ್ಲ, ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕರ್ತವ್ಯಗಳೇ ಎಂದ. ನಮ್ಮಮ್ಮ ಅವನನ್ನು ಓದಿಲ್ಲ. ಓದಿದ್ದರೆ "ಇದಕ್ಕೆ ಒಂದು ಪುಸ್ತಕ ಬೇಕಿತ್ತಾ?" ಅನ್ನುತ್ತಿದ್ದರು.

ಆದರೆ ಅಮ್ಮ ಒಂದು ವಿಷಯ ಮರೆತಿದ್ದರು. ತಿಪಟೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಅಲ್ಲಿಗೆ ಸಾಮಾನಿಗೆ ಬರುವ ಮಕ್ಕಳ ಕೈಗೆ ಅಪ್ಪ ಒಂದು ಚೂರು ಬೆಲ್ಲವನ್ನೋ ಒಂದು ಹಿಡಿ ಹುರಿಗಡಲೆಯನ್ನೋ ಹಾಕುತ್ತಿದ್ದರು. ಕೊಸರು ಅಂದರೆ ಅದು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೆಳೆದ ನನಗೆ ಅದರ ಗುಟ್ಟು ಗೊತ್ತು. ಹುರಿಗಡಲೆ ತಿಂದ ಹುಡುಗ ನಾಳೆ ಎದುರಂಗಡಿಗೆ ಹೋಗುವುದಿಲ್ಲ. ಹಾಗಾಗಿ ಕೊಸರಿಗೆ ಹಂಗಿಲ್ಲ, ಅದರ ಬೆಲೆ ಸಾಮಾನಿನ ಬೆಲೆಯಲ್ಲೇ ಸೇರಿರುತ್ತದೆ. ಬಂಗಾಳಿಯಲ್ಲಿ ಇದಕ್ಕೆ 'ಫಾವು' ಅನ್ನುತ್ತಾರೆ. ಫುಚ್ಕಾ ತಿಂದು ಮುಗಿಸಿದ ಮೇಲೆ, ಅಂದರೆ ನಮ್ಮ ಪಾನಿಪೂರಿ, ಕೊನೆಯದೊಂದನ್ನು ಗಿರಾಕಿ ಹಕ್ಕಿನಿಂದ ಕೇಳಿ ಪಡೆಯುತ್ತಾನಲ್ಲ, ಅದು ಫಾವು. ಅಮ್ಮನಿಗೆ ಇದನ್ನೇ ಹೇಳಿ ಗೆದ್ದೆ ಅಂದುಕೊಂಡೆ.

ಈ ವಾದ ಒಬ್ಬಳ ಮುಂದೆ ಮಾತ್ರ ನಿಲ್ಲಲಿಲ್ಲ. ಹಳೇ ಮಾರ್ಕೆಟ್ಟಿನ ಜಾಗದಲ್ಲಿ ಈಗ ಲೇಕ್ ಮಾಲ್ ಎದ್ದಿದೆ. ಅದರಾಚೆ ಫುಟ್‌ಪಾತಿನ ಮೇಲೆ ಗೋಣಿತಾಟು ಹಾಸಿ ಸೊಪ್ಪು ಮಾರುವ ಹೆಂಗಸು ಅವಳು. ಇಲ್ಲಿ ಇಂಥವರನ್ನು ಮಾಶಿ ಅನ್ನುತ್ತಾರೆ, ಎಂದರೆ ಅಮ್ಮನ ಅಕ್ಕತಂಗಿ. ಕ್ಯಾನಿಂಗ್, ಲಕ್ಷ್ಮೀಕಾಂತಪುರದ ಕಡೆಯಿಂದ ಇನ್ನೂ ಕತ್ತಲಿರುವಾಗಲೇ ಹೊರಡುವ ಲೋಕಲ್ ಟ್ರೇನುಗಳಲ್ಲಿ ಸೊಪ್ಪು ತರಕಾರಿಯವರಿಗೆಂದೇ ವೆಂಡರ್ ಬೋಗಿ ಇರುತ್ತದೆ. ಅದರಲ್ಲಿ ಬಂದು ಬಾಲಿಗಂಜ್‌ನಲ್ಲಿ ಇಳಿದು ಬರುತ್ತಿದ್ದಳು. ಬರುವಾಗ ಸೊಪ್ಪಿನ ಜೊತೆಗೆ ಸ್ವಲ್ಪ ಸೀಬೆ ಹಣ್ಣು ತರುತ್ತಿದ್ದಳು. ಆ ದಾರಿಯ ಬಾರುಯಿಪುರ ಸೀಬೆಗೆ ಹೆಸರಾದ ಊರು. ನಾನು ಸೊಪ್ಪು ಕೊಳ್ಳಲಿ ಬಿಡಲಿ, ಪುಟ್ಟಿಗೆ ಒಂದು ಸೀಬೆ. ಕೊಂಡ ದಿನ ಕೊಟ್ಟರೆ ಕೊಸರು ಸರಿ. ಕೊಳ್ಳದ ದಿನ ಕೊಟ್ಟದ್ದಕ್ಕೆ ಏನನ್ನೋಣ?

ಒಂದು ದಿನ ಹತ್ತು ರೂಪಾಯಿ ಚಾಚಿದೆ. "ಆಪ್ನಾಕೆ ದಿಯೇಛಿ ನಾಕಿ?" ಅಂದಳು. ನಿಮಗೆ ಕೊಟ್ಟೆನಾ? ಎಂದು. ಪಕ್ಕದ ಲಿಂಬೆಹಣ್ಣಿನವನು ಕಿಸಕ್ಕನೆ ನಕ್ಕ. ಸರಿ, ಹಿಂಬಾಗಿಲಿನಿಂದ ತೀರಿಸೋಣ ಎಂದು ಪ್ರತಿ ವಾರ ಅವಳಲ್ಲೇ ಬೇಡದ ಸೊಪ್ಪೆಲ್ಲ ಕೊಳ್ಳತೊಡಗಿದೆ. ಸೋಮವಾರ ಸೊಪ್ಪಿನ ಹುಳಿ, ಮಂಗಳವಾರ ಸೊಪ್ಪಿನ ಪಲ್ಯ, ಬುಧವಾರ ಸೊಪ್ಪು ಹಾಕಿದ ರೊಟ್ಟಿ. ಹೆಂಡತಿ ಗುರುವಾರ ಬಾಯಿಬಿಟ್ಟಳು. "ರೀ, ಒಂದು ಸೀಬೇಕಾಯಿ ಋಣಕ್ಕೆ ನಮ್ಮನ್ನೆಲ್ಲಾ ಮೇಕೆ ಮಾಡ್ತಿದೀರಲ್ಲ!"

ತಮಾಷೆಯೆಂದರೆ ಇಷ್ಟೆಲ್ಲ ಮಾಡುತ್ತಲೇ ಅದೇ ಹೆಂಗಸಿನ ಜೊತೆ ಎರಡು ರೂಪಾಯಿಗೆ ಚೌಕಾಸಿಯನ್ನೂ ಮಾಡುತ್ತಿದ್ದೆ. ಕೆಳಗೆ ನಾನು "ಇಪ್ಪತ್ತಲ್ಲ, ಹದಿನೆಂಟು" ಎಂದು ಹಟ ಹಿಡಿದಿದ್ದರೆ, ಮೇಲೆ ಹೆಗಲ ಮೇಲೆ ಹತ್ತು ರೂಪಾಯಿಯ ಸೀಬೆ ಕರಕರ ಸದ್ದು ಮಾಡುತ್ತಿತ್ತು. ಬೀಜ ನನ್ನ ಕಾಲರಿನೊಳಕ್ಕೆ ಬೀಳುತ್ತಿದ್ದವು.

ಇನ್ನೊಂದು ಭಯವೂ ಇತ್ತು. ಈ ಕಾಲದ ತಂದೆತಾಯಿಗಳಾದ ನಾವು ಮಕ್ಕಳಿಗೆ ಮೊದಲು ಕಲಿಸುವ ಪಾಠವೇ ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬಾರದು ಎಂಬುದು. ಕಲಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗುರುತಿಲ್ಲದವರು ಅಂದರೆ ಯಾರೆಂದು ಪುಟ್ಟಿಗೆ ಹೇಗೆ ತೋರಿಸಲಿ? ಆ ಮಾರ್ಕೆಟ್ಟಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬಲ್ಲರು. ಬೇರೆ ಊರಿನ ಮುಖ, ಬೇರೆ ಥರದ ಮಾತು, ಎಲ್ಲಿಂದಲೋ ಬಂದವನು ಅಂತ ಯಾರನ್ನಾದರೂ ತೋರಿಸುವುದಾದರೆ ಬೆರಳು ನನ್ನ ಕಡೆಗೇ ತಿರುಗಬೇಕು. ನನಗೆ ಅಲ್ಲಿ ಒಂದು ಗುರುತು ಅಂತ ಇದ್ದದ್ದೇ ಅವಳಿಂದ. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಪುಟ್ಟಿಯ ಅಪ್ಪ ಅಷ್ಟೆ.

2024ರ ಮೇ 26 ಭಾನುವಾರವಾಗಿತ್ತು. ಅವತ್ತು ರಾತ್ರಿ ರೆಮಾಲ್ ಚಂಡಮಾರುತ ಸಾಗರ ದ್ವೀಪಕ್ಕೂ ಬಾಂಗ್ಲಾದೇಶದ ಖೇಪುಪಾಡಾಕ್ಕೂ ನಡುವೆ ದಡ ಹತ್ತಿತು. ವಿಮಾನ ನಿಲ್ದಾಣವನ್ನು 21 ಗಂಟೆ ಮುಚ್ಚಿದರು, ಆ ಕಡೆಯ ಲೋಕಲ್ ಟ್ರೇನುಗಳೂ ನಿಂತವು. ನಮಗೆ ಆದ ಕಷ್ಟವೆಂದರೆ ಒಂದು ದಿನ ಕರೆಂಟು ಇಲ್ಲದ್ದು, ಬಾಲ್ಕನಿಯ ತುಳಸಿ ಕುಂಡ ಒಡೆದದ್ದು. ಮಾಶಿ ಆಮೇಲೆ ಎರಡು ವಾರ ಕಾಣಲಿಲ್ಲ. ಆ ತಗ್ಗು ಪ್ರದೇಶದಲ್ಲಿ ನದಿಯ ಒಡ್ಡು ಒಡೆದು ಉಪ್ಪುನೀರು ಹೊಲಕ್ಕೆ ನುಗ್ಗಿದರೆ ವರ್ಷಗಟ್ಟಲೆ ಬೆಳೆ ಏಳುವುದಿಲ್ಲ, 2009ರ ಐಲಾ ಚಂಡಮಾರುತದ ನಂತರ ಹಾಗೇ ಆಗಿತ್ತು. ಮೂರನೇ ಭಾನುವಾರ ಬಂದಳು. ಒಡ್ಡು ಒಡೆದಿರಲಿಲ್ಲವಂತೆ, ಮಳೆ ನೀರು ನಿಂತು ಸೊಪ್ಪಿನ ಮಡಿಯೆಲ್ಲ ಕೊಳೆತಿತ್ತಂತೆ. ಗೋಣಿತಾಟಿನ ಮೇಲೆ ಏಳೆಂಟು ಕಟ್ಟು ಕೊಲ್ಮಿ ಸೊಪ್ಪು, ಅಷ್ಟೇ. ಅದು ನೀರಿನಲ್ಲೇ ಬೆಳೆಯುವ ಬಳ್ಳಿ, ಹಾಗಾಗಿ ಉಳಿದಿತ್ತು. ಸೀಬೆ ಇಲ್ಲ.

ಪುಟ್ಟಿ ಎಂದಿನಂತೆ ಕೈ ಚಾಚಿದಳು. ನಾನು ಅವಳ ಕೈಯನ್ನು ಹಿಡಿದು ಕೆಳಗೆ ಎಳೆದೆ. "ಇವತ್ತು ಬೇಡ ಪುಟ್ಟಿ" ಅಂದೆ, ಕನ್ನಡದಲ್ಲೇ. ಆದರೆ ಮಾಶಿಗೆ ಅರ್ಥವಾಯಿತು. ಅವಳ ಮುಖ ನೋಡಿದಾಗ ನಾನು ಮಾಡಿದ ಕೆಲಸ ನನಗೂ ಅರ್ಥವಾಯಿತು. ಅಷ್ಟು ವಾರ ಹಣ ಕೊಡಲು ಹೋದಾಗಲೂ ಆಗದ ಅವಮಾನ ಆ ಒಂದು ಎಳೆತದಲ್ಲಿ ಆಗಿತ್ತು. ನಿನ್ನ ಹತ್ತಿರ ಈಗ ಏನೂ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ ಹಾಗೆ.

ಅವಳು ಸುಮ್ಮನೆ ಒಂದು ದಂಟು ಎಳೆದು, ಎಲೆ ಕಿತ್ತು, ಎರಡೂ ತುದಿ ಮುರಿದು ಪುಟ್ಟಿಯ ಕೈಗಿಟ್ಟಳು. ಕೊಲ್ಮಿಯ ದಂಟು ಒಳಗೆ ಟೊಳ್ಳು. ಊದಿ ತೋರಿಸಿದಳು. ಪುಟ್ಟಿ ಊದಿದಳು, ಏನೂ ಸದ್ದು ಬರಲಿಲ್ಲ, ಉಗುಳು ಮಾತ್ರ ಬಂತು. ಇಬ್ಬರಿಗೂ ಅದು ಬಹಳ ಸೊಗಸಾಗಿ ಕಂಡಿತು.

ನಾನು ಎರಡು ಕಟ್ಟು ಕೊಂಡು ನೂರು ರೂಪಾಯಿ ಕೊಟ್ಟು, ಚಿಲ್ಲರೆ ಇರಲಿ ಅಂದೆ. ಅವಳು ಸೀರೆಯ ಸೆರಗಿನ ಗಂಟು ಬಿಚ್ಚಿ ಎಂಬತ್ತು ರೂಪಾಯಿ ಎಣಿಸಿ ಕೊಟ್ಟಳು. ತೆಗೆದುಕೊಂಡೆ. ಅವಳ ಮರ್ಯಾದೆ ದೊಡ್ಡದು, ನನ್ನ ಮನಸ್ಸಿನ ನೆಮ್ಮದಿಗಾಗಿ ಅದನ್ನು ಕೊಳ್ಳಬಾರದು ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಹಾಗೆ ಅಂದುಕೊಂಡಾಗಲೆಲ್ಲ ನನ್ನ ಎಂಬತ್ತು ರೂಪಾಯಿಯೂ ಉಳಿಯಿತಲ್ಲ ಎಂಬ ಇನ್ನೊಂದು ದನಿ ಏಳುತ್ತದೆ. ಉಳ್ಳವನ ಸೂಕ್ಷ್ಮತೆ ಎಷ್ಟೋ ಸಲ ಅವನಿಗೆ ಅಗ್ಗವಾಗಿಯೇ ಬೀಳುತ್ತದೆ. ಮನೆಯಲ್ಲಿ ಹೇಳಿದರೆ ಹೆಂಡತಿ, "ಬಲವಂತ ಮಾಡ್ಬೇಕಿತ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ, ಸರಿ ಮಾಡಿದ್ರಿ" ಅಂದಳು. ರಾತ್ರಿ ಮತ್ತೆ, "ಅದೆಂಗ್ ತಗೊಂಡ್ರಿ ರೀ ನೀವು?" ಅಂದಳು. ನಾನು ಮಾಡಿದ್ದು ಇಷ್ಟು, ಅವಳ ಹತ್ತಿರ ಚೌಕಾಸಿ ಬಿಟ್ಟೆ. ಎರಡನೇ ವಾರಕ್ಕೇ ಅವಳಿಗೆ ಅನುಮಾನ ಬಂದು, "ದಾದಾ, ಮೈ ಹುಷಾರಿಲ್ಲವಾ?" ಎಂದು ಕೇಳಿದಳು. ಮತ್ತೆ ಶುರು ಮಾಡಬೇಕಾಯಿತು.

ಪುಟ್ಟಿಗೆ ಈ ಯಾವ ಲೆಕ್ಕವೂ ಇರಲಿಲ್ಲ. ಸೀಬೆ ಮತ್ತೆ ಬರಲು ಶುರುವಾದ ಒಂದು ಭಾನುವಾರ, ಅವಳು ತಾನು ಅರ್ಧ ತಿಂದಿದ್ದ ಮಾರಿ ಬಿಸ್ಕತ್ತನ್ನು ಹೆಗಲ ಮೇಲಿಂದಲೇ ಬಗ್ಗಿ ಮಾಶಿಯ ಕಡೆ ಚಾಚಿದಳು. ಎಂಜಲು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹಿಂದೆ ಕೈ ಎಳೆದದ್ದು ನೆನಪಾಗಿ ಸುಮ್ಮನಾದೆ. ಮಾಶಿ ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದಳು. ಪುಟ್ಟಿ ಒಂದು ನಿಮಿಷ ನೋಡಿದಳು. ಆಮೇಲೆ ಕೈ ಚಾಚಿ, "ಕೊಡು" ಅಂದಳು.

ಮಾಶಿ ಬಾಯಿ ತೆರೆದು ತೋರಿಸಿದಳು. ಖಾಲಿ. ಪುಟ್ಟಿ ಕಾಳಿಘಾಟ್ ಮೆಟ್ರೋ ಸ್ಟೇಷನ್ನಿನ ತನಕ ಅತ್ತಳು.