ಒಪ್ಪಿ ಕೊಟ್ಟದ್ದೆಲ್ಲ ನ್ಯಾಯವಾಗಿ ಪಡೆದದ್ದೇ?



ಕೊಡುವವನು ಮನಃಪೂರ್ವಕವಾಗಿ ಒಪ್ಪಿ ಕೊಟ್ಟ. ಕೊಳ್ಳುವವನು ಕೇಳಿದ ಬೆಲೆಯನ್ನು ತೆತ್ತು ಕೊಂಡ. ಇನ್ನು ಅಲ್ಲಿ ಅನ್ಯಾಯಕ್ಕೆ ಎಡೆಯೆಲ್ಲಿ? ಕಳವಿಲ್ಲ, ಬಲಾತ್ಕಾರವಿಲ್ಲ, ಸುಳ್ಳು ತೂಕವಿಲ್ಲ. ಲೋಕವ್ಯವಹಾರದಲ್ಲಿ ನಾವೆಲ್ಲರೂ ಈ ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ, ಮಕ್ಕಳಿಗೆ ನೀತಿಪಾಠ ಹೇಳಿ ನಿವೃತ್ತನಾದ ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವು ಹಳೆಯ ಸೈಕಲ್ಲೊಂದರ ಎರಡು ಉಕ್ಕಿನ ಕಪ್ಪುಗಳು ಎಂದರೆ ತಾವು ನಗಬಹುದು. ಈ ಪುಟಗಳಲ್ಲಿ ಸೈಕಲ್ಲಿನ ಮಾತೇಕೆ ಎಂದು ಕೇಳಲೂಬಹುದು. ಆದರೆ ತಮ್ಮಲ್ಲಿ ಅನೇಕರು ಪ್ರಸಾದನಿಲಯದಲ್ಲಿದ್ದಾಗ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಹಿಡಿದು, ಬಿದ್ದ ಗಾಯದ ಕಲೆಯನ್ನು ಇಂದಿಗೂ ಮೊಣಕಾಲಿನ ಮೇಲೆ ಉಳಿಸಿಕೊಂಡವರೇ ಆಗಿದ್ದೀರಿ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ನಮ್ಮೂರು ಸೇಡಂ ತಾಲೂಕಿನ ಕುರಕುಂಟಾ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲು ಮಾರ್ಗದಲ್ಲಿ ಸೇಡಂ ದಾಟಿ ತಾಂಡೂರಿನತ್ತ ಹೊರಟವರಿಗೆ ಈ ಹೆಸರಿನ ನಿಲ್ದಾಣ ಸಿಗುತ್ತದೆ. ನೆಲದಡಿ ಎಲ್ಲೆಲ್ಲೂ ಪರಸಿಕಲ್ಲು, ನೆಲದ ಮೇಲೆ ಎಲ್ಲೆಲ್ಲೂ ಬಿಸಿಲು. ನನ್ನ ತಂದೆಯವರು ಸುತ್ತಣ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಆಗ ನಮ್ಮ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು ತಂದೆಯವರು ಹೈದರಾಬಾದಿಗೆ ಹೋಗಿ, ಒಬ್ಬ ಗುಮಾಸ್ತರು ಉಪಯೋಗಿಸಿ ಬಿಟ್ಟಿದ್ದ ರ್‍ಯಾಲೆ ಸೈಕಲ್ಲೊಂದನ್ನು ಕೊಂಡು, ರೈಲಿನಲ್ಲಿ ಹಾಕಿಕೊಂಡು ಬಂದಿದ್ದರು. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸರಕು. ಇಪ್ಪತ್ತೆಂಟು ಅಂಗುಲದ ಗಾಲಿಗಳು, ಮುಂದಿನದಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ತಂತಿಯ ಬದಲು ಸರಳುಗಳಿಂದ ಹಿಡಿಯುವ ಬ್ರೇಕು. ಚೈನು ಓಡುವ ಹಲ್ಲುಚಕ್ರದೊಳಗೆ ಕತ್ತರಿಸಿ ತೆಗೆದ ಮೂರು ಕೊಕ್ಕರೆಯ ತಲೆಗಳು. ಬಾಲ್ಯದಲ್ಲಿ ಆ ಕೊಕ್ಕರೆಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವುದನ್ನು ನೋಡುತ್ತ ನಾನು ಕ್ಯಾರಿಯರಿನ ಮೇಲೆ ಕುಳಿತು ಶಾಲೆಗೆ ಹೋಗಿದ್ದೇನೆ.

ತಂದೆಯವರು ಲಿಂಗೈಕ್ಯರಾದ ಮೇಲೆ ಸೈಕಲ್ಲು ಹಿತ್ತಲಿನ ಛಪ್ಪರದಡಿ ಬಹುಕಾಲ ನಿಂತಿತ್ತು. ನಿವೃತ್ತನಾದ ಬಳಿಕ ಅದನ್ನು ಮತ್ತೆ ನಡೆಯುವಂತೆ ಮಾಡಬೇಕೆಂಬ ಹಂಬಲ ಹುಟ್ಟಿತು. ಸೇಡಮಿನ ಹಿರಿಯ ಮೇಸ್ತ್ರಿಯೊಬ್ಬರು, ಎಲ್ಲರೂ ಉಸ್ತಾದರೆಂದೇ ಕರೆಯುವವರು, ಬಿಚ್ಚಿ ನೋಡಿ ಹೇಳಿದರು: ಟೈರು, ಟ್ಯೂಬು, ಬ್ರೇಕಿನ ರಬ್ಬರು ಎಲ್ಲವೂ ಸಿಗುತ್ತವೆ, ಆದರೆ ಪೆಡಲಿನ ಅಚ್ಚು ತಿರುಗುವ ಎರಡು ಕಪ್ಪುಗಳ ಒಳಮೈ ಗುಳಿಬಿದ್ದು ಹೋಗಿದೆ, ಅವು ಎಲ್ಲಿಯೂ ಸಿಗುವುದಿಲ್ಲ.

ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಮಾತೆಲ್ಲ ಇದನ್ನೇ ಅವಲಂಬಿಸಿದೆ. ಸೈಕಲ್ಲಿನ ಚೌಕಟ್ಟಿನ ಕೆಳಮೂಲೆಯಲ್ಲಿ ಅಡ್ಡಲಾಗಿ ಒಂದು ಕೊಳವೆ ಇರುತ್ತದೆ. ಅದರ ಎರಡು ಬಾಯಿಗಳಿಗೂ ಒಂದೊಂದು ಕಪ್ಪನ್ನು ತಿರುಪಿ ಕೂಡಿಸುತ್ತಾರೆ. ಕಪ್ಪುಗಳೊಳಗೆ ಗುಂಡುಗಳು, ಗುಂಡುಗಳ ನಡುವೆ ಅಚ್ಚು, ಅಚ್ಚಿನ ಎರಡು ತುದಿಗೆ ಪೆಡಲಿನ ತೋಳುಗಳು. ತಿರುಪಿ ಕೂಡಿಸಲು ಇರುವ ಸುರುಳಿಯ ಗೆರೆಗಳಿಗೆ ನಮ್ಮ ಮೇಸ್ತ್ರಿಗಳು ಚೂಡಿ ಎನ್ನುತ್ತಾರೆ. ಬಿ.ಎಸ್.ಎ. ಮೊದಲಾದವರ ಪದ್ಧತಿಯಲ್ಲಿ ಒಂದು ಅಂಗುಲಕ್ಕೆ 24 ಚೂಡಿ; ಮುಂದೆ ಬಹುಪಾಲು ಲೋಕ ಅದನ್ನೇ ಅನುಸರಿಸಿತು. ರ್‍ಯಾಲೆ ಕಾರ್ಖಾನೆಯವರು ಮಾತ್ರ ತಮ್ಮದೇ ಲೆಕ್ಕವೆಂದು 26 ಇಟ್ಟುಕೊಂಡರು. ಎರಡು ಗೆರೆಯ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಇಂದಿನ ಕಪ್ಪನ್ನು ಅಂಥ ಚೌಕಟ್ಟಿಗೆ ಹಚ್ಚಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಮುಂದೆ ಬಲ ಹಾಕಿದರೆ ಚೌಕಟ್ಟಿನ ಚೂಡಿಯೇ ಹರಿದುಹೋಗುತ್ತದೆ.

ಆದಕಾರಣ ಹುಡುಕಾಟ ಆರಂಭವಾಯಿತು. ಕಲಬುರ್ಗಿಯ ಹಳೆಯ ಅಂಗಡಿಗಳ ಅಟ್ಟ, ಹೈದರಾಬಾದಿನ ಜುಮೇರಾತ್ ಬಜಾರು, ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಶಿವಾಜಿನಗರದ ಗುಜರಿ: ಎಲ್ಲಿಯೂ ಬಿಡಲಿಲ್ಲ. ಹುಡುಕಾಟದಲ್ಲೊಂದು ಸುಖವಿದೆ, ಅದನ್ನು ಮುಚ್ಚಿಡಲಾರೆ. ತುಕ್ಕಿನ ರಾಶಿಯಲ್ಲಿ ಕೈಯಾಡಿಸುವಾಗ ಹಸಿವು ನೀರಡಿಕೆಗಳು ಮರೆತುಹೋಗುತ್ತವೆ. ನನ್ನಂತೆ ಲ್ಯೂಕಸ್ ದೀಪವನ್ನೋ, ಬ್ರೂಕ್ಸ್ ಚರ್ಮದ ಸೀಟನ್ನೋ, ಸ್ಟರ್ಮಿ-ಆರ್ಚರ್ ಮೂರು ವೇಗದ ಗಾಲಿಗುಂಭವನ್ನೋ ಅರಸುವವರು ಅಲ್ಲಲ್ಲಿ ಭೇಟಿಯಾದರು. ಸಜ್ಜನರು, ಆದರೆ ಅವರ ದೃಷ್ಟಿಯಲ್ಲಿ ಒಂದು ವಿಚಿತ್ರವನ್ನು ಕಂಡೆ. ಕೆಲವೇ ದಿನಗಳಲ್ಲಿ ಅದು ನನ್ನ ದೃಷ್ಟಿಯೂ ಆಯಿತು. ಎದುರಿಗೆ ಸೈಕಲ್ಲು ಬಂದರೆ ಮೊದಲು ನೋಟ ಹೋಗುವುದು ಅದರ ಹೊಟ್ಟೆಯ ಕಡೆಗೆ. ಮೇಲೆ ಕುಳಿತವನು ಮುದುಕನೋ ಹುಡುಗನೋ ಎಂಬುದು ಆಮೇಲೆ, ಕೆಲವೊಮ್ಮೆ ಗಮನಕ್ಕೇ ಬರುವುದಿಲ್ಲ.

ನಮ್ಮೂರಲ್ಲಿ ಭಾರತ ಸರ್ಕಾರದ ಸಿಮೆಂಟ್ ನಿಗಮದ ಕಾರ್ಖಾನೆ 1970ರ ದಶಕದಲ್ಲಿ ಆರಂಭವಾಗಿ 1990ರ ದಶಕದ ಕೊನೆಗೆ ನಿಂತುಹೋಯಿತೆಂಬುದು ತಮಗೆ ತಿಳಿದದ್ದೇ. ಪಾಳಿ ಬದಲಾಗುವ ಹೊತ್ತಿಗೆ ಹೊಳೆಯಂತೆ ಹರಿಯುತ್ತಿದ್ದ ಸೈಕಲ್ಲುಗಳು ಕಾರ್ಖಾನೆ ನಿಂತ ಮೇಲೆ ಒಂದೊಂದಾಗಿ ಗುಜರಿಗೆ ಹೋದವು. ಅವುಗಳಲ್ಲಿ ಒಂದೆರಡಾದರೂ ಹಳೆಯ ರ್‍ಯಾಲೆ ಇದ್ದೀತೆಂದು ಮನೆಮನೆ ವಿಚಾರಿಸಿದೆ. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಸಿಕ್ಕವು. ನನಗೆ ಬೇಕಾದದ್ದು ಸಿಗಲಿಲ್ಲ.

ಕಳೆದ ವರ್ಷದ ಶ್ರಾವಣದಲ್ಲಿ, ಊರ ಬಸ್ಸು ನಿಲ್ಲುವ ಸ್ಥಳದಲ್ಲಿ ಚಾಕು, ಕತ್ತರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುವ ಒಬ್ಬ ವೃದ್ಧ ಕುಳಿತಿದ್ದ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ತಾನು ಸೀಟಿನ ಮೇಲೆ ಕುಳಿತು ಪೆಡಲು ತುಳಿಯುತ್ತಿದ್ದ, ಹಿಂದಿನ ಗಾಲಿಯಿಂದ ಬಂದ ಪಟ್ಟಿ ಮುಂದಿನ ಸಾಣೆಕಲ್ಲನ್ನು ತಿರುಗಿಸುತ್ತಿತ್ತು, ಕಿಡಿ ಹಾರುತ್ತಿದ್ದವು. ನಾನು ಕಿಡಿಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಮೂರು ಕೊಕ್ಕರೆಗಳನ್ನು ನೋಡಿದೆ.

“ಕಾಕಾ, ಇದು ಯಾವ ಕಾಲದ್ದು?” ಎಂದೆ.

“ನಮ್ಮಪ್ಪಂದು ಸರ. ಮುರ್ಯಂಗಿಲ್ಲ, ಬಾಗಂಗಿಲ್ಲ. ಹಂಗೇ ನಡ್ಕೋತ ಹೊಂಟಾದ.”

ಅಚ್ಚನ್ನು ಅಲುಗಿಸಿ ನೋಡಿದೆ; ಕಪ್ಪುಗಳು ಬಿಗಿಯಾಗಿದ್ದವು. ಹೊಸ ಕಪ್ಪು, ಹೊಸ ಅಚ್ಚು ಹಾಕಿಸಿಕೊಡುತ್ತೇನೆ, ಹಳೆಯವನ್ನು ನನಗೆ ಕೊಡು, ಮೇಲೆ ಹಣವನ್ನೂ ಕೊಡುತ್ತೇನೆ ಎಂದೆ. ಅವನಿಗೆ ಆಶ್ಚರ್ಯವಾಯಿತು. “ಹಳೇದು ತಗೊಂಡು ಏನ್ ಮಾಡ್ತೀರಿ ಮಾಸ್ತರ?” ಎಂದು ನಕ್ಕ. ಇನ್ನೂರು ರೂಪಾಯಿ ಕೇಳಿದ. ನಾನು ಆರುನೂರು ಕೊಟ್ಟೆ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆನೆಂಬ ಅಭಿಮಾನ ಆ ದಿನವೆಲ್ಲ ನನ್ನಲ್ಲಿತ್ತು. ಸಮೀಪದ ಅಂಗಡಿಯ ಹುಡುಗನೊಬ್ಬ ಬಿಚ್ಚಿ ಹೊಸದನ್ನು ಹಾಕಿದ. ಕಪ್ಪು ಎರಡು ಸುತ್ತಿಗೆ ಬಿಗಿಯಿತು. ಹುಡುಗ ಪಾನಾಕ್ಕೆ ಪೈಪು ಸಿಕ್ಕಿಸಿ ಮೈಮೇಲೆ ಬಿದ್ದು ತಿರುಪಿದ. ಕಿರ್ರೆಂದು ಸದ್ದಾಯಿತು. ಆ ಸದ್ದು ನನಗೆ ಕೇಳಿಸಿತು, ಕೇಳಿಸಲಿಲ್ಲವೆಂದು ಹೇಳಲಾರೆ.

ಕಪ್ಪುಗಳನ್ನು ಉಸ್ತಾದರ ಮುಂದಿಟ್ಟಾಗ ಅವರ ಮುಖ ಅರಳಿತು. ಎಲ್ಲಿ ಸಿಕ್ಕವೆಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ಅವನ ಸೈಕಲ್ಲಿಗೆ ಏನು ಹಾಕಿ ಬಂದ್ರಿ?” ಎಂದರು. ಅಷ್ಟೇ. ಬಳಿಕ ತಮ್ಮ ಕೆಲಸ ಮುಗಿಸಿ ಕೊಟ್ಟರು. ತಂದೆಯವರ ಸೈಕಲ್ಲು ನಡೆಯಿತು.

ಓದುಗರೇ, ಆ ಪ್ರಶ್ನೆಯ ತರ್ಕವನ್ನು ತಾವೇ ಪರಿಶೀಲಿಸಿರಿ. ಅಂಗಡಿಯಲ್ಲಿ ಸಿಗುವ ಕಪ್ಪು ನನ್ನ ಸೈಕಲ್ಲಿಗೆ ಹೊಂದುವುದಿಲ್ಲವೆಂದೇ ನಾನು ಮೂರು ವರ್ಷ ಅಲೆದಿದ್ದೆ. ನನ್ನದಕ್ಕೆ ಹೊಂದದ್ದು, ಅದೇ ಕಾರ್ಖಾನೆಯ, ಅದೇ ಚೂಡಿಯ ಅವನ ಸೈಕಲ್ಲಿಗೆ ಹೇಗೆ ಹೊಂದೀತು? ನನಗೆ ತಿಳಿದಿರಲಿಲ್ಲವೆಂದು ವಾದಿಸುವ ದಾರಿಯೇ ಇಲ್ಲ. ಇಡೀ ಕುರಕುಂಟಾದಲ್ಲಿ ಆ ಸಂಗತಿಯನ್ನು ತಿಳಿದಿದ್ದವನು ನಾನೊಬ್ಬನೇ. ಆ ತಿಳಿವಳಿಕೆಯಿಂದಲೇ ವಸ್ತುವನ್ನು ಗುರುತಿಸಿದೆ. ಗುರುತಿಸಿದ ಮರುಕ್ಷಣ ಅದೇ ತಿಳಿವಳಿಕೆಯನ್ನು ಬದಿಗಿಟ್ಟೆ. ನನ್ನ ಬಾಯಿಂದ ಒಂದು ಸುಳ್ಳೂ ಬರಲಿಲ್ಲ. ಆತನ ಒಪ್ಪಿಗೆಯಲ್ಲಿ ಲೋಪವಿರಲಿಲ್ಲ, ಆದರೆ ಆತ ಯಾವುದಕ್ಕೆ ಒಪ್ಪಿದ? ಹಳೆಯದಕ್ಕೆ ಪ್ರತಿಯಾಗಿ ಹೊಸದು ಎಂಬುದಕ್ಕೆ ಒಪ್ಪಿದ. ನಡೆಯುವ ಸೈಕಲ್ಲಿಗೆ ಪ್ರತಿಯಾಗಿ ನಡೆಯದ ಸೈಕಲ್ಲು ಎಂಬುದಕ್ಕೆ ಒಪ್ಪಿರಲಿಲ್ಲ.

ಈ ಸಮಸ್ಯೆ ಪುರಾತನವಾದದ್ದು. ರೋಮಿನ ವಾಗ್ಮಿ ಸಿಸಿರೋ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ವಿಷಯವಾಗಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಒಂದು ದೃಷ್ಟಾಂತವಿದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬ ವರ್ತಕ ಅಲೆಕ್ಸಾಂಡ್ರಿಯಾದಿಂದ ಧಾನ್ಯದ ಹಡಗು ತಂದಿದ್ದಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಜನರಿಗೆ ತಿಳಿಸಿದರೆ ಬೆಲೆ ಇಳಿಯುತ್ತದೆ, ತಿಳಿಸಬೇಕೇ? ಡಯೋಜಿನೀಸ್ ಎಂಬ ತತ್ತ್ವಜ್ಞ, ಸುಳ್ಳು ಹೇಳದಿದ್ದರೆ ಸಾಕು, ತಿಳಿದದ್ದನ್ನೆಲ್ಲ ಹೇಳುವ ಹೊಣೆ ಇಲ್ಲವೆನ್ನುತ್ತಾನೆ. ಅವನ ಶಿಷ್ಯ ಆ್ಯಂಟಿಪಾಟರನು, ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕೆಂದು ಗುರುವಿನ ಮಾತನ್ನು ಅಲ್ಲಗಳೆಯುತ್ತಾನೆ. ಸಿಸಿರೋ ಶಿಷ್ಯನ ಪಕ್ಷ ವಹಿಸುತ್ತಾನೆ. ಸುಮ್ಮನಿರುವುದೆಲ್ಲವೂ ಮರೆಮಾಚುವುದಲ್ಲ, ಆದರೆ ತಿಳಿಯುವುದರಿಂದ ಯಾರಿಗೆ ಹಿತವೋ ಅವರೇ ತನ್ನ ಲಾಭಕ್ಕಾಗಿ ತಿಳಿಯದೆ ಇರಲಿ ಎಂದು ಬಯಸಿದಾಗ ಮೌನವು ಮರೆಮಾಚುವಿಕೆಯಾಗುತ್ತದೆ ಎಂಬುದು ಅವನ ವಿವೇಚನೆಯ ತಿರುಳು.

ನನ್ನ ಪ್ರಕರಣ ಆ ವರ್ತಕನದಕ್ಕಿಂತ ಕೀಳೆಂದೇ ನನಗೆ ತೋರುತ್ತದೆ. ರೋಡ್ಸಿನ ಜನ ಹೆಚ್ಚು ಬೆಲೆ ಕೊಟ್ಟರೂ ಧಾನ್ಯವನ್ನಂತೂ ಮನೆಗೊಯ್ದರು. ಇವನಿಗೆ ಬೆಲೆ ಮುಟ್ಟಿತು, ಜೀವನದ ಸಾಧನ ಹೋಯಿತು. ಬೆಲೆಯ ನ್ಯಾಯವೇ ಬೇರೆ, ವಸ್ತುವಿನ ನ್ಯಾಯವೇ ಬೇರೆ. ಆರುನೂರರ ಬದಲು ಆರು ಸಾವಿರ ಕೊಟ್ಟಿದ್ದರೂ, ಇದನ್ನು ತೆಗೆದರೆ ನಿನ್ನ ಸೈಕಲ್ಲಿಗೆ ಬೇರೆ ಕಪ್ಪು ಕೂಡುವುದಿಲ್ಲ ಎಂಬ ಒಂದು ಮಾತಿನ ಸಾಲ ಹಾಗೆಯೇ ಉಳಿಯುತ್ತಿತ್ತು. ಆ ಮಾತು ಆಡಿದ್ದರೆ ಅವನು ಕೊಡುತ್ತಿರಲಿಲ್ಲ. ನಾನು ಆಡದೆ ಉಳಿಯಲು ಕಾರಣವೂ ಅದೇ.

ಬೌದ್ಧರ ಮಿಲಿಂದಪ್ರಶ್ನೆಯಲ್ಲಿ ನಾಗಸೇನನು ಅರಸನನ್ನು ಕೇಳುತ್ತಾನಲ್ಲವೇ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು? ಬಿಡಿಭಾಗ ಯಾವುದೂ ರಥವಲ್ಲ. ಹಳೆಯ ವಸ್ತುಗಳನ್ನು ಕೂಡಿಸುವ ನಾವು ಈ ಮಾತನ್ನು ಅನುಕೂಲಕ್ಕೆ ತಕ್ಕಂತೆ ಬಳಸುತ್ತೇವೆ. ಇನ್ನೊಬ್ಬನ ಸೈಕಲ್ಲಿನಿಂದ ತೆಗೆಯುವಾಗ ಕಪ್ಪು ಬರಿಯ ಕಪ್ಪು. ನಮ್ಮದಕ್ಕೆ ಹಾಕುವಾಗ ಮಾತ್ರ ಅದಿಲ್ಲದೆ ಸೈಕಲ್ಲು ಪೂರ್ಣವಲ್ಲ. ಅವನದೂ ಅವನ ಅಪ್ಪನದೇ ಆಗಿತ್ತು. ಅದನ್ನು ಆತ ಮೊದಲ ಮಾತಿನಲ್ಲೇ ಹೇಳಿದ್ದ.

ಹಾಗಾದರೆ ಹಳೆಯದನ್ನು ಉಳಿಸುವ ಈ ಹವ್ಯಾಸವೇ ದೋಷವೇ? ಹಾಗೆನ್ನಲಾರೆ. ತುಕ್ಕು ಹಿಡಿದು ಕರಗುವ ರಾಶಿಯಿಂದ ಒಂದು ಭಾಗವನ್ನು ಎತ್ತಿ ತರುವುದರಲ್ಲಿ ಯಾರ ಹಾನಿಯೂ ಇಲ್ಲ. ಉಸ್ತಾದರು ಸ್ವತಃ ಹಾಗೆ ಎಷ್ಟೋ ಸೈಕಲ್ಲುಗಳಿಗೆ ಜೀವ ಕೊಟ್ಟಿದ್ದಾರೆ. ಅವರದೊಂದು ನಿಯಮವಿದೆ; ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಗೋಡೆಗೆ ಆನಿಸಿ ಬಿಟ್ಟ ಸೈಕಲ್ಲಿನಿಂದ ಬೇಕಾದದ್ದನ್ನು ಬಿಚ್ಚುತ್ತಾರೆ. ಸವಾರಿ ಮಾಡಿಕೊಂಡು ಬಂದ ಸೈಕಲ್ಲಿನಿಂದ, ಎಷ್ಟು ಹಣ ಕೊಟ್ಟರೂ, ಬಿಚ್ಚುವುದಿಲ್ಲ. ನಾನು ಕೇಳದೆ ಈ ನಿಯಮವನ್ನು ಅವರು ಎಂದೂ ನನಗೆ ಹೇಳಿರಲಿಲ್ಲ. ಮಾಸ್ತರನಿಗೆ ಹೇಳಿಕೊಡುವುದೇನೆಂದು ಭಾವಿಸಿರಬೇಕು.

ಉಸ್ತಾದರ ಪ್ರಶ್ನೆ ಕೇಳಿದ ಮೇಲೂ ನಾನು ಹದಿನೈದು ದಿನ ಆ ಸೈಕಲ್ಲನ್ನು ಓಡಿಸಿದೆ. ಆಮೇಲೆ ಬಸ್ಸು ನಿಲ್ಲುವ ಸ್ಥಳದ ಚಹಾದಂಗಡಿಯವನನ್ನು ವಿಚಾರಿಸಿದೆ. “ಎರಡು ಸಲ ಸೈಕಲ್ ನೂಕ್ಕೋತ ಬಂದಿದ್ದ ಸರ. ಪೆಡಲ್ ಕುಂದರ್ವಲ್ದು ಅಂತಿದ್ದ. ಆಮ್ಯಾಲ ಬಂದೇ ಇಲ್ಲ” ಎಂದ. ಯಾವ ಊರಿನವನೆಂದು ಅವನಿಗೂ ಗೊತ್ತಿರಲಿಲ್ಲ. ಸಾಣೆ ಹಿಡಿಯುವವರು ಒಂದೂರಿನವರಾಗಿ ಇರುವುದಿಲ್ಲ.

ಮರುದಿನ ಕಪ್ಪುಗಳನ್ನೂ ಅಚ್ಚನ್ನೂ ಬಿಚ್ಚಿಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ತಂದೆಯವರ ಸೈಕಲ್ಲು ಮತ್ತೆ ಛಪ್ಪರದಡಿ ನಿಂತಿದೆ. ಅಂದಿನಿಂದ ಈ ಮಾಘದವರೆಗೆ ಸೇಡಂ, ಚಿತ್ತಾಪುರ, ಚಿಂಚೋಳಿ, ತಾಂಡೂರು, ಗುರುಮಠಕಲ್ಲುಗಳಲ್ಲಿ ವಿಚಾರಿಸಿದ್ದೇನೆ. ಈಗ ಎದುರಿಗೆ ಸೈಕಲ್ಲು ಬಂದರೆ ಮುಖ ನೋಡುತ್ತೇನೆ. ಅವನ ಚೌಕಟ್ಟಿನ ಚೂಡಿ ಇನ್ನೂ ಉಳಿದಿದ್ದರೆ ಕಪ್ಪುಗಳನ್ನು ತಮ್ಮ ಕೈಯಾರೆ ಕೂಡಿಸಿಕೊಡಲು ಉಸ್ತಾದರು ಒಪ್ಪಿದ್ದಾರೆ. ಹರಿದುಹೋಗಿದ್ದರೆ ಹೊಸ ಸೈಕಲ್ಲಿಗೆ ಸಾಣೆಯನ್ನು ಜೋಡಿಸಿ ಕೊಡಬೇಕು. ಅದರ ಖರ್ಚೂ, ಅವನು ಕಳೆದುಕೊಂಡ ದಿನಗಳ ದುಡಿಮೆಯೂ ನನ್ನ ಮೇಲಿದೆ. ಹಾಗಾದ ಪಕ್ಷದಲ್ಲಿ ಕಪ್ಪುಗಳು ಅವನಿಗೆ ನಿರುಪಯುಕ್ತ, ಅವನ್ನು ನಾನು ಇಟ್ಟುಕೊಳ್ಳಬಹುದಲ್ಲವೇ ಎಂದು ಮನಸ್ಸು ಈಗಲೂ ಮೆಲ್ಲಗೆ ಕೇಳುತ್ತದೆ. ಕೇಳುತ್ತದೆಂಬುದನ್ನು ಬರೆಯದಿದ್ದರೆ ಇದೂ ಒಂದು ಮರೆಮಾಚುವಿಕೆಯಾದೀತು. ಅದಕ್ಕೆ ಉತ್ತರ ಹೇಳಬೇಕಾದವನು ಅವನು, ಈ ಸಲ ಎಲ್ಲವನ್ನೂ ತಿಳಿದುಕೊಂಡು.

ಈ ಪತ್ರಿಕೆ ನಮ್ಮ ಸೀಮೆಯ ಹಳ್ಳಿಹಳ್ಳಿಗೆ ಹೋಗುತ್ತದೆ. ಅರವತ್ತೈದು ಎಪ್ಪತ್ತರ ವಯಸ್ಸು, ಬಲಗೈಯ ಹೆಬ್ಬೆರಳಿನ ಮೇಲೆ ಸಾಣೆಯ ಹಳೆಯ ಗಾಯ, ಹಸಿರು ಬಣ್ಣ ಮಾಸಿದ ಸೈಕಲ್ಲು, ಅದರ ಹಿಂದಿನ ಮಡ್ಗಾರ್ಡಿಗೆ ತಗಡಿನ ತೇಪೆ, ಚೈನಿನ ಚಕ್ರದಲ್ಲಿ ಮೂರು ಕೊಕ್ಕರೆ. ಅಂಥವನು ತಮ್ಮ ಊರಿಗೆ ಬಂದರೆ, ಸೈಕಲ್ಲನ್ನು ನೂಕಿಕೊಂಡು ಬಂದರೂ ಸರಿ, ಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದರೂ ಸರಿ, ದಯವಿಟ್ಟು ಅವನನ್ನು ಸ್ವಲ್ಪ ಹೊತ್ತು ಕೂರಿಸಿಕೊಂಡು, ಮಠದ ಕಾರ್ಯಾಲಯಕ್ಕೆ ಸುದ್ದಿ ಮುಟ್ಟಿಸಿರಿ. ನಾನು ಆ ದಿನವೇ ಹೊರಟು ಬರುತ್ತೇನೆ.